ಯುವಿ ದೀಪಕ್ಕಿಂತ ಮೊದಲು ನೀರು ತಿಳಿಯಾಗಲಿ

ಸಂಸ್ಕರಿಸಿದ ಕೊಳಚೆ ನೀರನ್ನು ಬೆಳೆಗೆ ಹರಿಸುವ ಮುಂಚೆ ಅದರಲ್ಲಿ ಉಳಿದ ರೋಗಾಣುಗಳನ್ನು ನಿವಾರಿಸಬೇಕು. ಕ್ಲೋರಿನ್ ಬೇಡ ಎನ್ನುವವರಿಗೆ ಯುವಿ, ಅಂದರೆ ನೇರಳಾತೀತ ಕಿರಣ, ಒಳ್ಳೆಯ ದಾರಿಯೇ. ಆದರೆ ದೀಪ ತಂದು ಪೈಪಿಗೆ ಜೋಡಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಅರ್ಧಕ್ಕಿಂತ ಜಾಸ್ತಿ ಕೆಲಸ ದೀಪಕ್ಕೆ ಮೊದಲೇ ಇದೆ.

ಈ ಕಿರಣ ರೋಗಾಣುವನ್ನು ಸುಡುವುದಿಲ್ಲ. 254 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ಬೆಳಕು ಅದರ ಡಿಎನ್‌ಎ ಕೆಡಿಸುತ್ತದೆ, ಆಮೇಲೆ ಅದರ ಸಂತಾನ ಬೆಳೆಯುವುದಿಲ್ಲ. ಕ್ಲೋರಿನ್‌ಗೆ ಜಗ್ಗದ, ಭೇದಿ ತರುವ ಪರಾವಲಂಬಿ ಕ್ರಿಪ್ಟೊಸ್ಪೊರಿಡಿಯಮ್ ಕೂಡ ಯುವಿಗೆ ಸುಲಭವಾಗಿ ಬಗ್ಗುತ್ತದೆ. ಅಡಿನೊವೈರಸ್ ಮಾತ್ರ ಹಠಮಾರಿ. ಜಂತುಹುಳುವಿನ ಮೊಟ್ಟೆಗಳನ್ನಂತೂ ದೀಪದ ಪಾಲಿಗೆ ಬಿಡಬೇಡಿ, ಸೋಸಿಯೇ ತೆಗೆಯಬೇಕು. ನೀರಿನ ಉಪ್ಪಿನಂಶಕ್ಕೂ ಯುವಿಗೂ ಸಂಬಂಧವಿಲ್ಲ, ಅದರ ಪರೀಕ್ಷೆಯೇ ಬೇರೆ.

ಮೊದಲು ಸೋಸಿ

ಮರಳಿನ ಫಿಲ್ಟರ್ ಅಥವಾ ಮೆಂಬ್ರೇನ್ (ಅತಿ ಸೂಕ್ಷ್ಮ ರಂಧ್ರಗಳ ಸೋಸುಪೊರೆ) ಹಾಕಿ. ಕದಡು 2 ಎನ್‌ಟಿಯು (ನೀರಿನ ಕದಡು ಅಳೆಯುವ ಮಾನ) ಒಳಗೆ ಇದ್ದರೆ ಚೆನ್ನ. ಸಣ್ಣ ಕಣದ ಮರೆಯಲ್ಲಿ ಕೂತ ಬ್ಯಾಕ್ಟೀರಿಯಾಕ್ಕೆ ಕಿರಣ ತಾಗುವುದೇ ಇಲ್ಲ. ದೀಪಗಳ ಸಂಖ್ಯೆ ಹೆಚ್ಚಿಸಿದರೂ ಅಷ್ಟೆ.

ಆಮೇಲೆ ಟ್ರಾನ್ಸ್‌ಮಿಟೆನ್ಸ್ ಅಳೆಯಿರಿ

ಕಣ್ಣಿಗೆ ತಿಳಿಯಾಗಿ ಕಂಡ ನೀರು ಯುವಿಗೂ ತಿಳಿ ಎಂದೇನಿಲ್ಲ. ಕರಗಿದ ಕಬ್ಬಿಣ, ಸಾವಯವ ಅಂಶ ಕಿರಣವನ್ನು ಸುಮ್ನೆ ನುಂಗಿಬಿಡುತ್ತವೆ. ಒಂದು ಸೆಂಟಿಮೀಟರ್ ನೀರು ದಾಟಿ ಎಷ್ಟು ಕಿರಣ ಉಳಿಯಿತು ಎಂಬುದೇ ಟ್ರಾನ್ಸ್‌ಮಿಟೆನ್ಸ್. ಅದು ಶೇ 65 ಇದೆ ಅನ್ನಿ. ಎರಡನೇ ಸೆಂಟಿಮೀಟರ್ ದಾಟುವಾಗ ಶೇ 42, ಮೂರನೆಯದಕ್ಕೆ ಬರೀ ಶೇ 27. ದೀಪದಿಂದ ಮೂರು ಸೆಂಟಿಮೀಟರ್ ದೂರ ಹರಿಯುವ ನೀರಿಗೆ ಸಿಗುವುದು ಸುಮಾರು ಕಾಲು ಭಾಗ, ಅಷ್ಟೇ ಅಲ್ವಾ?

ಪ್ರಮಾಣ ಲೆಕ್ಕ ಹಾಕಿ

ಕಿರಣದ ತೀವ್ರತೆಯನ್ನು ನೀರು ಬೆಳಕಿನಲ್ಲಿರುವ ಸಮಯದಿಂದ ಗುಣಿಸಿದರೆ ನೀರಿಗೆ ಸಿಕ್ಕ ಕಿರಣದ ಪ್ರಮಾಣ ಸಿಗುತ್ತದೆ. ಮರುಬಳಕೆ ನೀರಿಗೆ ಅಮೆರಿಕದ ಮಾರ್ಗಸೂಚಿಯಲ್ಲಿ ಮರಳಿನಲ್ಲಿ ಸೋಸಿದ್ದಕ್ಕೆ ಚದರ ಸೆಂಟಿಮೀಟರಿಗೆ 100 ಮಿಲಿಜೂಲ್, ಮೆಂಬ್ರೇನ್‌ನಲ್ಲಿ ಸೋಸಿದ್ದಕ್ಕೆ 80 ಎಂದಿದೆ. ಯುವಿ ಘಟಕ ಕೊಳ್ಳುವಾಗ ಸರಾಸರಿ ಹರಿವು ಹೇಳಬೇಡಿ. ಅತಿ ಜೋರು ಹರಿವು, ಅತಿ ಕೆಟ್ಟ ನೀರು, ಮಂಕಾದ ಹಳೇ ದೀಪ, ಈ ಮೂರೂ ಒಟ್ಟಿಗೆ ಬಂದ ದಿನಕ್ಕೆ ಲೆಕ್ಕ ಕೇಳಿ.

ನಡೆಸುವಾಗ

ಹೊತ್ತಿಸಿದ ತಕ್ಷಣ ದೀಪ ಪೂರ್ತಿ ಬೆಳಕು ಕೊಡುವುದಿಲ್ಲ, ಕೆಲವು ನಿಮಿಷ ಬೇಕು. ಅಲ್ಲಿಯವರೆಗೆ ನೀರು ಬಿಡಬೇಡಿ. ಕರೆಂಟ್ ಹೋದರೆ ತಾನಾಗಿ ಮುಚ್ಚುವ ವಾಲ್ವ್ ಕಡ್ಡಾಯ. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಬೇಡಿ.

ದೀಪವನ್ನು ಸುತ್ತಿರುವ ಕ್ವಾರ್ಟ್ಜ್ ಕೊಳವೆ ಕಡೆ ಗಮನವಿರಲಿ. ಅದನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವಂಥ ಬಿಳಿ ಪದರ, ಅದರ ಮೇಲೆ ಕಂದು ಲೋಳೆ ಕಾಣಬಹುದು. ಬಟ್ಟೆಯಲ್ಲಿ ಒರೆಸಿದರೆ ಲೋಳೆ ಹೋಗುತ್ತದೆ, ಬಿಳಿ ಪದರ ಹೋಗುವುದಿಲ್ಲ. ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ತೊಳೆಯಬೇಕು. ದೀಪ ಉರಿಯುತ್ತಿದೆ ಎಂಬ ಕಾರಣಕ್ಕೆ ಹಳೆಯದನ್ನೇ ಇಟ್ಟುಕೊಳ್ಳುವುದು ದೊಡ್ಡ ತಪ್ಪು. ನೀಲಿ ಬೆಳಕು ಕಾಣುತ್ತಿದ್ದರೂ ಬೇಕಾದ ಕಿರಣ ಕ್ಷೀಣಿಸಿರುತ್ತದೆ. ತಯಾರಕರು ಹೇಳಿದ ಗಂಟೆ ಮುಗಿದರೆ ಬದಲಿಸಿ.

ಕೊನೆಗೆ, ದೀಪ ದಾಟಿದ ನೀರು

ಕ್ಲೋರಿನ್‌ನಂತೆ ಯುವಿ ನೀರಿನೊಳಗೆ ಉಳಿಯುವುದಿಲ್ಲ. ಬಿಸಿಲಿಗೆ ತೆರೆದ ತೊಟ್ಟಿಯಲ್ಲಿ ತುಂಬಿಟ್ಟರೆ ಪೆಟ್ಟು ತಿಂದ ಕೆಲವು ಬ್ಯಾಕ್ಟೀರಿಯಾ ಬೆಳಕಿನ ನೆರವಿನಿಂದಲೇ ಡಿಎನ್‌ಎ ರಿಪೇರಿ ಮಾಡಿಕೊಳ್ಳುತ್ತವೆ. ಮುಚ್ಚಿದ ತೊಟ್ಟಿ ಇರಲಿ, ನೀರನ್ನು ಬೇಗ ಬಳಸಿ.

ಪರೀಕ್ಷೆಗೆ ಎರಡು ಕಡೆ ನೀರು ಹಿಡಿಯಿರಿ: ಘಟಕದಿಂದ ನೀರು ಹೊರಬರುವ ಕಡೆ ಒಂದು, ಹೊಲದ ಕೊನೆಯ ಡ್ರಿಪ್ಪರ್‌ನಲ್ಲಿ (ಹನಿ ನೀರಾವರಿಯ ತೂತಿನಲ್ಲಿ) ಒಂದು. ತಿನ್ನುವ ಭಾಗಕ್ಕೆ ನೀರು ತಾಗುವ, ಹಸಿಯಾಗಿ ತಿನ್ನುವ ಬೆಳೆಗೆ ಯುರೋಪಿಯನ್ ಒಕ್ಕೂಟ ಕೇಳುವ ಉನ್ನತ ದರ್ಜೆಯಲ್ಲಿ 100 ಮಿಲಿಲೀಟರಿಗೆ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) 10 ದಾಟಬಾರದು. ಮೊದಲ ಮಾದರಿ ಸರಿಯಿದ್ದು ಎರಡನೆಯದು ಕೆಟ್ಟಿದ್ದರೆ ದೀಪವನ್ನು ಬಿಚ್ಚಬೇಡಿ, ತೊಟ್ಟಿ ಮತ್ತು ಪೈಪನ್ನು ತೊಳೆಯಿರಿ.