ವೆಬ್‌ಆರ್‌ಟಿಸಿ: ಎರಡು ಆಫರ್ ಡಿಕ್ಕಿ ಹೊಡೆದಾಗ

ರಿಯಾಕ್ಟ್‌ನಲ್ಲಿ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ವೆಬ್‌ಆರ್‌ಟಿಸಿ, ಅಂದರೆ ಬ್ರೌಸರ್‌ಗಳ ನಡುವೆ ನೇರವಾಗಿ ವಿಡಿಯೋ, ಆಡಿಯೋ ಕಳಿಸುವ ತಂತ್ರ, ಬಳಸಿ ವಿಡಿಯೋ ಕಾಲ್ ಬರೆಯುವವರಿಗೆ ಒಂದು ಮಾತು. ಪಿಯರ್ ಕನೆಕ್ಷನ್ ಅನ್ನು (ಎದುರಿನ ಬ್ರೌಸರ್ ಜೊತೆಗಿನ ಸಂಪರ್ಕದ ಆಬ್ಜೆಕ್ಟ್) ಸ್ಟೇಟ್‌ನಲ್ಲಿ ಇಡಬೇಡಿ, ಅದು ಬದಲಾದರೆ ಪರದೆ ಮತ್ತೆ ಮೂಡುತ್ತದೆ; ಬದಲಾದರೂ ಪರದೆಯನ್ನು ಮುಟ್ಟದ ರೆಫ್‌ನಲ್ಲಿಡಿ. ಪರದೆಗೆ ಬೇಕಾದದ್ದು ‘ಕನೆಕ್ಟ್ ಆಯ್ತು, ಕಟ್ ಆಯ್ತು’ ಅನ್ನುವ ಸ್ಥಿತಿ ಮಾತ್ರ. ಕನೆಕ್ಷನ್ ತೆರೆಯುವ ಎಫೆಕ್ಟ್‌ನ ಕ್ಲೀನಪ್‌ನಲ್ಲಿ (ಎಫೆಕ್ಟ್ ಮುಗಿಯುವಾಗ ಓಡುವ ಕೋಡ್) ಅದನ್ನು ಕ್ಲೋಸ್ ಮಾಡುವುದನ್ನು ಮರೆಯಬೇಡಿ. ಡೆವಲಪ್‌ಮೆಂಟ್‌ನಲ್ಲಿ ಸ್ಟ್ರಿಕ್ಟ್ ಮೋಡ್ ಎಫೆಕ್ಟನ್ನು ಎರಡು ಸಲ ಓಡಿಸುತ್ತದೆ. ಕ್ಲೋಸ್ ಮಾಡದಿದ್ದರೆ ಹಳೇ ಕನೆಕ್ಷನ್ ದೆವ್ವದ ಹಾಗೆ ಉಳಿದು, ಬಂದ ಮೆಸೇಜಿಗೆಲ್ಲ ತಾನೂ ಉತ್ತರ ಕೊಡುತ್ತದೆ. ನಾನು ಎರಡು ದಿನ ಸುಮ್ನೆ ಸರ್ವರ್ ಮೇಲೆ ಅನುಮಾನ ಪಟ್ಟೆ!

ನಿಜವಾದ ತಲೆನೋವು ಬೇರೆ. ಇಬ್ಬರೂ ಒಂದೇ ಹೊತ್ತಿಗೆ ಕ್ಯಾಮೆರಾ ಆನ್ ಮಾಡಿದರೆ ಎರಡೂ ಕಡೆಯಿಂದ ಆಫರ್, ಅಂದರೆ ‘ಹೀಗೆ ಸಂಪರ್ಕ ಮಾಡೋಣ’ ಅನ್ನುವ ಪ್ರಸ್ತಾಪ, ಹೊರಟು ಡಿಕ್ಕಿಯಾಗುತ್ತದೆ. ಟೈಮರ್ ಹಾಕಿ ತಪ್ಪಿಸಲು ಹೋಗಬೇಡಿ, ಅದು ಯಾವತ್ತಾದರೂ ಕೈಕೊಡುತ್ತದೆ. ಮೊದಲೇ ಒಬ್ಬರನ್ನು ‘ಪೊಲೈಟ್’, ಅಂದರೆ ಡಿಕ್ಕಿಯಾದಾಗ ಬಿಟ್ಟುಕೊಡುವವರು, ಮಾಡಿಬಿಡಿ. ಯಾರಾದರೂ ಸರಿ, ಇಬ್ಬರೂ ಆಗಬಾರದು ಅಷ್ಟೇ. ಡಿಕ್ಕಿಯಾದರೆ ಪೊಲೈಟ್ ಕಡೆಯವರು ಎದುರಿನ ಆಫರನ್ನು ಸೆಟ್‌ರಿಮೋಟ್‌ಡಿಸ್ಕ್ರಿಪ್ಷನ್‌ಗೆ ಕೊಟ್ಟರೆ ಸಾಕು, ಅವರದೇ ಆಫರ್ ತಾನಾಗಿ ರೋಲ್‌ಬ್ಯಾಕ್ (ರದ್ದು) ಆಗುತ್ತದೆ. ಇನ್ನೊಬ್ಬರು ಬಂದ ಆಫರನ್ನು ಕಂಡೂ ಕಾಣದ ಹಾಗೆ ಬಿಟ್ಟುಬಿಡುತ್ತಾರೆ.

ಡಿಕ್ಕಿಯನ್ನು ಗುರುತಿಸಲು ಸಿಗ್ನಲಿಂಗ್‌ಸ್ಟೇಟ್ (ಆಫರ್-ಉತ್ತರದ ಮಾತುಕತೆ ಎಲ್ಲಿಗೆ ಬಂದಿದೆ ಅನ್ನುವ ಗುರುತು) ‘ಸ್ಟೇಬಲ್’ ಇದೆಯಾ ಅಂತ ನೋಡಿದರೆ ಸಾಲದು. ಆಫರ್ ತಯಾರಾಗುತ್ತಿರುವ ಆ ಸಣ್ಣ ಹೊತ್ತಿನಲ್ಲೂ ಅದು ಸ್ಟೇಬಲ್ ಅಂತಲೇ ಹೇಳುತ್ತದೆ. ಅದಕ್ಕೇ ‘ಮೇಕಿಂಗ್‌ಆಫರ್’ ಅನ್ನುವ ಒಂದು ಫ್ಲ್ಯಾಗ್ ಬೇಕು. ಅದನ್ನೂ ರೆಫ್‌ನಲ್ಲೇ ಇಡಿ. ಸ್ಟೇಟ್‌ನಲ್ಲಿಟ್ಟರೆ ಹ್ಯಾಂಡ್ಲರ್‌ಗೆ ಹಳೇ ಮೌಲ್ಯವೇ ಸಿಗಬಹುದು.

ಇನ್ನು ಐಸ್ (ICE) ಕ್ಯಾಂಡಿಡೇಟ್‌ಗಳು, ಅಂದರೆ ಎದುರಿನವರನ್ನು ತಲುಪಬಹುದಾದ ನೆಟ್‌ವರ್ಕ್ ವಿಳಾಸಗಳು. ರಿಮೋಟ್ ಡಿಸ್ಕ್ರಿಪ್ಷನ್ ಸೆಟ್ ಆಗುವ ಮೊದಲೇ ಸೇರಿಸಿದರೆ ಎರರ್ ಬರುತ್ತದೆ, ಹಾಗಾಗಿ ಅಲ್ಲಿಯವರೆಗೆ ಒಂದು ಅರೇಯಲ್ಲಿ ಕೂಡಿಟ್ಟುಕೊಳ್ಳಿ.