ದರೋಜಿ ಕರಡಿಧಾಮಕ್ಕೆ ಮಕ್ಕಳನ್ನು ಕರೆದೊಯ್ಯುವವರಿಗೆ

ಬಳ್ಳಾರಿಯಿಂದ ದರೋಜಿ ಕರಡಿಧಾಮಕ್ಕೆ ಮಕ್ಕಳೊಂದಿಗೆ ಹೋಗುವವರು ಮಧ್ಯಾಹ್ನದ ಊಟ ಮುಗಿಸಿಯೇ ಹೊರಡಿ. ಕರಡಿಗಳು ಸಾಮಾನ್ಯವಾಗಿ ಬಂಡೆಗಳಿಂದ ಇಳಿದು ಬರುವುದು ಬಿಸಿಲು ತಗ್ಗಿದ ಮೇಲೆ. 1994ರಲ್ಲಿ ಘೋಷಣೆಯಾದ ಈ ಧಾಮದ ವೀಕ್ಷಣಾ ಗೋಪುರದಿಂದ ಬರಿಗಣ್ಣಿಗೆ ಅವು ಕಪ್ಪು ಚುಕ್ಕೆಗಳಂತೆ ಮಾತ್ರ ಕಾಣುವುದರಿಂದ ದುರ್ಬೀನನ್ನು ಮರೆಯಬೇಡಿ. ತಾಯಿಯ ಬೆನ್ನಿನ ಒರಟು ಕೂದಲನ್ನು ಹಿಡಿದು ಕೂತ ಮರಿಯನ್ನು ಅದರಲ್ಲಿ ಕಂಡ ನನ್ನ ಮಗಳು ಉಸಿರು ಬಿಗಿಹಿಡಿದಿದ್ದಳು. ಈ ಕರಡಿಗೆ ಮೇಲಿನ ಎರಡು ಮುಂಹಲ್ಲುಗಳಿಲ್ಲ, ಆ ಸಂದಿಯಿಂದಲೇ ಅದು ಗೆದ್ದಲನ್ನು ಹೀರುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಿ. ದಾರಿಯಲ್ಲಿ ಒಂದರ ಮೇಲೊಂದು ನಿಂತ ಗುಂಡುಗಳನ್ನು ಯಾರು ಪೇರಿಸಿದರೆಂದು ಅವರು ಕೇಳಿಯೇ ಕೇಳುತ್ತಾರೆ: ಯಾರೂ ಪೇರಿಸಿದ್ದಲ್ಲ, ಗ್ರಾನೈಟ್ ಕಲ್ಲು ಬಿರುಕುಗಳುದ್ದಕ್ಕೂ ಬಿಸಿಲು ಮಳೆಗೆ ಸವೆದು, ಸಡಿಲ ಮಣ್ಣು ಕೊಚ್ಚಿಹೋಗಿ ಹಾಗೆ ಉಳಿದಿದೆ.