ಒಂದೇ ದಾರಿ, ಮೂರು ಸುತ್ತು: ಮೈಸೂರು ಪೇಟೆಯಲ್ಲಿ ಎರಡು ದಿನ

ಮಂಡ್ಯದವರಿಗೆ ಮೈಸೂರು ದೂರದ ಊರಲ್ಲ. ಸೀರೆ, ಆಸ್ಪತ್ರೆ, ದಸರಾ ಅಂತ ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಹೋದಾಗಲೆಲ್ಲ ಆಟೋ ಹತ್ತೋದು, ಕೆಲಸ ಮುಗಿಸೋದು, ಮತ್ತೆ ಆಟೋ. ಪೇಟೆಯನ್ನು ಕಾಲ್ನಡಿಗೆಯಲ್ಲಿ ನೋಡಿಯೇ ಇರಲಿಲ್ಲ. ಕಳೆದ ಚಳಿಗಾಲದಲ್ಲಿ ತಂಗಿಯ ಮಗಳು, "ದೊಡ್ಡಮ್ಮ, ಈ ಶನಿವಾರ ಭಾನುವಾರ ಸುಮ್ನೆ ನಡ್ಕೊಂಡೇ ಮೈಸೂರು ನೋಡೋಣ್ವಾ?" ಅಂದಳು. ಬ್ಯಾಗಿಗೆ ಎರಡು ಜೊತೆ ಬಟ್ಟೆ ಹಾಕಿಕೊಂಡು ಹೊರಟೇಬಿಟ್ಟೆವು.

ಮೊದಲು ಉದ್ದದ ಪಟ್ಟಿ ಬರೆದಿದ್ದೆ. ಬೆಟ್ಟ, ಮೃಗಾಲಯ, ಕಾರಂಜಿ ಕೆರೆ, ಎಲ್ಲ ಇತ್ತು. ಆಮೇಲೆ ಅದನ್ನು ಬಿಟ್ಟೆ. ಅರಮನೆಯ ಉತ್ತರ ದ್ವಾರ, ದೊಡ್ಡ ಗಡಿಯಾರ, ಕೆ.ಆರ್. ವೃತ್ತ, ದೇವರಾಜ ಮಾರುಕಟ್ಟೆ, ಇಷ್ಟೇ ನಮ್ಮ ಸುತ್ತು. ಎಲ್ಲೂ ನಿಲ್ಲದಿದ್ದರೆ ಬೇಗ ಮುಗಿದು ಹೋಗುವ ದಾರಿ. ಅದನ್ನೇ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ನಡೆಯೋದು ಅಂತ ಗಟ್ಟಿ ಮಾಡಿಕೊಂಡೆವು. ಊರು ತಿಳಿಯೋಕೆ ಹತ್ತು ಜಾಗ ಓಡಾಡಬೇಕಿಲ್ಲ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು ಅಂತ ನನಗೆ ಈಗ ಅನ್ನಿಸುತ್ತದೆ.

ಶನಿವಾರ ಬೆಳಗಿನ ರೈಲಿಗೆ ಇಳಿದು, ಇರ್ವಿನ್ ರಸ್ತೆ ಹಿಡಿದು ಆಯುರ್ವೇದ ಆಸ್ಪತ್ರೆ ವೃತ್ತಕ್ಕೆ ಬಂದೆವು. ಅಲ್ಲಿಂದ ಬಲಕ್ಕೆ ತಿರುಗಿದರೆ ಸಯ್ಯಾಜಿರಾವ್ ರಸ್ತೆ. ಬರೋಡದ ಮಹಾರಾಜರ ಹೆಸರು ಇದಕ್ಕೆ. ಹಿಂದೆ ಇಲ್ಲಿ ಪೂರ್ಣಯ್ಯ ನಾಲೆ ಇತ್ತು. ಅದನ್ನು ಮುಚ್ಚಿ ರಸ್ತೆ ಮಾಡಿದರು ಅಂತ ಹೇಳಿದಾಗ ಹುಡುಗಿ ನೆಲ ನೋಡಿಕೊಂಡೇ ಸ್ವಲ್ಪ ದೂರ ನಡೆದಳು.

ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಬೇಕು. ಹೂವಿನ ಸಾಲಿನಲ್ಲಿ ಆಗ ತಾನೇ ಮೂಟೆ ಬಿಚ್ಚುತ್ತಿರುತ್ತಾರೆ. ಸೇವಂತಿಗೆ, ಕನಕಾಂಬರ, ಸುಗಂಧರಾಜ, ಮಲ್ಲಿಗೆ. ಕಟ್ಟಿದ ಹೂವನ್ನು ಮಾರಿನ ಲೆಕ್ಕದಲ್ಲಿ ಕೊಡುತ್ತಾರೆ. ಕೈ ಚಾಚಿ ಅಳೆಯುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಮುಂದೆ ಕುಂಕುಮ, ಅರಿಸಿನ, ಬಣ್ಣದ ಪುಡಿಗಳನ್ನು ಗೋಪುರದ ಹಾಗೆ ಕೂಡಿಸಿಟ್ಟಿರುತ್ತಾರೆ. ಅದರಾಚೆ ಬಾಳೆಹಣ್ಣಿನ ಸಾಲು. ನನಗೆ ನಂಜನಗೂಡು ರಸಬಾಳೆ ಬೇಕಿತ್ತು. ಸೊರಗು ರೋಗ ಬಂದ ಮೇಲೆ ಅದನ್ನು ಬೆಳೆಯುವವರು ಕಡಿಮೆಯಾದರು. "ದಿನಾ ಬರಲ್ಲ ಅಕ್ಕ, ಇವತ್ತು ನಾಲ್ಕು ಚಿಪ್ಪು ಬಂದಿದೆ" ಅಂದರು ಅಂಗಡಿಯವರು. ಒಂದು ಚಿಪ್ಪು ತಗೊಂಡು ಅಲ್ಲೇ ಎರಡೆರಡು ತಿಂದೆವು. ಬೆಳಗಿನ ತಿಂಡಿ ಅದೇ ಆಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. 2016ರಲ್ಲಿ ಈ ಮಾರುಕಟ್ಟೆಯ ಉತ್ತರದ ಭಾಗ ಕುಸಿದುಬಿತ್ತು. ಎದುರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು. 2012ರಲ್ಲಿ ಅದರ ಒಂದು ಭಾಗ ಬಿದ್ದು ನಾಲ್ಕು ಜನ ತೀರಿಕೊಂಡರು. ಕೆಡವಿ ಹೊಸದು ಕಟ್ಟಬೇಕೋ, ಇರುವುದನ್ನೇ ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ಎಳೆಯಿತು. ಇವು ಸುಣ್ಣದ ಗಾರೆಯ ಕಟ್ಟಡಗಳು. ನೀರು ಇಳಿಯದ ಹಾಗೆ ನೋಡಿಕೊಂಡರೆ ಬಾಳುತ್ತವೆ, ಕೈಬಿಟ್ಟರೆ ಒಳಗಿಂದಲೇ ಸಡಿಲವಾಗುತ್ತವೆ. ಪಿಯುಸಿಯಲ್ಲಿ ನಾನು ಹಳೆಯ ಪಠ್ಯಪುಸ್ತಕ ಕೊಂಡಿದ್ದು ಲ್ಯಾನ್ಸ್‌ಡೌನ್ ಸಾಲಿನ ಪುಸ್ತಕದ ಅಂಗಡಿಯಲ್ಲಿ. ಈಗ ಆ ಕಮಾನುಗಳ ಮುಂದೆ ನಿಂತಾಗ ಗಂಟಲು ಕಟ್ಟಿತು. ಎರಡೂ ಉಳಿಯಲಿ ಅನ್ನೋದು ನನ್ನ ಆಸೆ. ಒಳಗೆ ದುಡಿಯುವವರ ಜೀವಕ್ಕೆ ಭಯವಿಲ್ಲದ ಹಾಗೆ ಉಳಿಯಲಿ.

ಮಧ್ಯಾಹ್ನ ಅರಮನೆಗೆ ಹೋಗಿದ್ದು ತಪ್ಪಾಯಿತು. ಒಳಗೆ ಚಪ್ಪಲಿ ಹಾಕುವಂತಿಲ್ಲ, ಬಿಸಿಲಿಗೆ ಕಾದ ಅಂಗಳದ ಕಲ್ಲು ಕಾಲು ಸುಡುತ್ತಿತ್ತು. ಹೊಸ ಶೂ ಕಚ್ಚಿ ನನ್ನ ಹಿಮ್ಮಡಿಯಲ್ಲಿ ಆಗಲೇ ಬೊಬ್ಬೆ ಎದ್ದಿತ್ತು. ನಡೆಯೋಕೆ ಹೋಗುವವರು ದಯವಿಟ್ಟು ಹಳೆಯ, ಪಳಗಿದ ಚಪ್ಪಲಿಯನ್ನೇ ಹಾಕಿಕೊಳ್ಳಿ. ಅರಮನೆಗೆ ಬಾಗಿಲು ತೆರೆದ ಕೂಡಲೇ ಹೋಗಿಬಿಡಿ. ಹಾಗಿದ್ದೂ ಕಲ್ಯಾಣ ಮಂಟಪದಲ್ಲಿ ನವಿಲುಗಳಿರುವ ಗಾಜಿನ ಚಾವಣಿ ನೋಡಿ ನೋವು ಮರೆತೆ. 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿಗೆ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕ್ಷೆ ಮಾಡಿದ ಈಗಿನದು ಮುಗಿದಿದ್ದು 1912ರಲ್ಲಿ. ಆವತ್ತು ಉಳಿದ ಹೊತ್ತೆಲ್ಲ ಗಾಂಧಿ ಚೌಕದ ಹತ್ತಿರದ ವಸತಿಗೃಹದಲ್ಲಿ ಕಾಲು ಚಾಚಿ ಮಲಗಿದೆವು.

ಭಾನುವಾರ ಬೆಳಗಿನ ಜಾವದ ಸುತ್ತು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಆರು ಗಂಟೆಗೆ ರಸ್ತೆ ಖಾಲಿ. ಪೌರಕಾರ್ಮಿಕರು ಕಸ ಗುಡಿಸುತ್ತಿದ್ದರು, ಪೇಪರ್ ಹಾಕುವ ಹುಡುಗರು ಕಟ್ಟು ಬಿಚ್ಚುತ್ತಿದ್ದರು. ಅಂಗಡಿ ಬಾಗಿಲು ಮುಚ್ಚಿದ್ದಾಗ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತದೆ. ಬೋರ್ಡುಗಳ ಮೇಲೆ ಇಷ್ಟೊಂದು ಮರದ ಕಿಟಕಿ, ಗಾರೆಯ ಹೂಬಳ್ಳಿ ಇವೆ ಅಂತ ಹಿಂದಿನ ದಿನ ನಮಗೆ ಕಂಡೇ ಇರಲಿಲ್ಲ. ದೊಡ್ಡ ಗಡಿಯಾರದ ಕೆಳಗೆ ಟೀ ಕುಡಿದೆವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು, 75 ಅಡಿ ಎತ್ತರ. ಅರಮನೆಯ ನೌಕರರೇ ಕಾಣಿಕೆಯಾಗಿ ಕಟ್ಟಿಸಿದ್ದು ಅನ್ನೋದು ಅದರ ದೊಡ್ಡತನ. ಮುಖದ ಮೇಲೆ ಕನ್ನಡ ಅಂಕಿಗಳಿವೆ. ಹುಡುಗಿ ಒಂದೊಂದೇ ಅಂಕಿ ಓದಿ ಹೊತ್ತು ಹೇಳಿದಳು. ಪಕ್ಕದಲ್ಲೇ ರಂಗಾಚಾರ್ಲು ಪುರಭವನ, 1884ರದ್ದು. ಮಾರುಕಟ್ಟೆ ತುದಿಯ ಚಿಕ್ಕ ಗಡಿಯಾರ ಲಾರ್ಡ್ ಡಫರಿನ್ ಬಂದ ನೆನಪಿಗೆ ಕಟ್ಟಿದ್ದು.

ಕೆ.ಆರ್. ವೃತ್ತದಲ್ಲಿ ಗಾಡಿಗಳೇ ಇಲ್ಲದೆ ನಿಂತಾಗ ಜಂಬೂ ಸವಾರಿ ನೆನಪಾಯಿತು. ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋ. ಅದನ್ನು ಹೊತ್ತ ಆನೆ ಇಲ್ಲೇ ತಿರುಗಿ, ಸಯ್ಯಾಜಿರಾವ್ ರಸ್ತೆಯಲ್ಲೇ ಬನ್ನಿಮಂಟಪದವರೆಗೆ ನಡೆಯುತ್ತದೆ. ನೂಕುನುಗ್ಗಲಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ ರಸ್ತೆ ಇದು. ಅಷ್ಟು ದೊಡ್ಡದಾಗಿ ಕಂಡಿದ್ದು ಇಷ್ಟೇ ಅಗಲವಾ ಅಂತ ಅನ್ನಿಸಿತು.

ತಿಂಡಿ ಮುಗಿಸಿ ಅಶೋಕ ರಸ್ತೆಯಲ್ಲಿ ಸೇಂಟ್ ಫಿಲೋಮಿನಾ ಚರ್ಚ್‌ವರೆಗೂ ನಡೆದೆವು. ಅವಳಿ ಗೋಪುರಗಳು 175 ಅಡಿ. ಬಿಸಿಲೇರಿದ ಮೇಲೆ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಕಳೆದೆವು. ಹಲ್ದಂಕರ್ ಬಿಡಿಸಿದ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಜನ ಜಾಸ್ತಿ. ಕಾಯ್ದು ನೋಡಿ. ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಾಗಿ ಸೋಸುವುದನ್ನು ನಾನು ಮರೆಯಲಾರೆ.

ಮೂರನೆಯ ಸುತ್ತು ಭಾನುವಾರ ಸಂಜೆ. ಅರಮನೆಗೆ ದೀಪ ಹಾಕುವ ದಿನ ಅದು. ಏಳರ ಹೊತ್ತಿಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಂಡವು. "ಹೋ" ಅಂತ ಇಡೀ ಜನ ಒಂದೇ ದನಿಯಲ್ಲಿ ಕೂಗಿದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕೈ ಮುಗಿದರು. ನನಗೂ ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ.

ದೀಪ ಆರಿದ ಮೇಲೆ ಜನ ಆಟೋಗಳ ಕಡೆ ಓಡಿದರು. ನಾವು ಮಾರುಕಟ್ಟೆಯ ಬಾಗಿಲಲ್ಲಿ ಕೊನೆಯ ಎರಡು ಮಾರು ಮಲ್ಲಿಗೆ ಕೊಂಡು, ಬಂದ ದಾರಿಯಲ್ಲೇ ನಿಲ್ದಾಣಕ್ಕೆ ನಡೆದೆವು. ಸಂತೆಪೇಟೆ ನೋಡಲಾಗಲಿಲ್ಲ. "ಮುಂದಿನ ತಿಂಗಳು ಅದೊಂದೇ ನೋಡೋಣ ದೊಡ್ಡಮ್ಮ" ಅಂತ ಹುಡುಗಿ ರೈಲು ಹತ್ತುವ ಮೊದಲೇ ದಿನ ಗೊತ್ತು ಮಾಡಿದಳು.